ಸೋತವರಿಗೂ ಮಂಗಳ

ಆರ್.ಟಿ. ನಗರ, ಬೆಂಗಳೂರು
೧೨-೮-೧೯೮೬

ದೊಡ್ಡಮ್ಮನಿಗೆ ಗೋದಾಳ ನಮಸ್ಕಾರ.

ಹೊಸ ಮನೆ ಸೇರಿದ ಮೇಲೆ ನಾನೊಂದು ವಿಚಿತ್ರ ಕೆಲಸಕ್ಕೆ ಸಿಕ್ಕಿಕೊಂಡಿದ್ದೇನೆ. ಓನರ್ ಕೃಷ್ಣವೇಣಮ್ಮನವರ ಮಗ ಸೇತುರಾಮ ಮಹಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ವಿಡಿಯೋ ಗೇಮ್ ಮಾಡುತ್ತಿದ್ದಾನೆ. ಟಿವಿಯಲ್ಲಿ ಜಕ್ಕೂರು ಮೈದಾನದ ಪುಟ್ಟ ವಿಮಾನದಂಥದ್ದೊಂದು ಹಾರುತ್ತದೆ, ಆಡುವವನು ತಪ್ಪಿದರೆ ಬೀಳುತ್ತದೆ. ಅದಕ್ಕೆ ಸಂಗೀತ ಹಾಕಿಕೊಡುವವಳು ನಾನು! ಆ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಸ್ವರ, ಗಮಕವಂತೂ ಇಲ್ಲವೇ ಇಲ್ಲ.

ಆಟ ಮುಗಿದಾಗ ಏನು ಬಾರಿಸೋಣ ಎಂದು ಕೇಳಿದ. ಮುಗಿಸುವುದೆಂದರೆ ನನಗೆ ನೆನಪಾಗುವುದು ಶುಕ್ರವಾರದ ಪೂಜೆಯ ಕೊನೆಗೆ ನೀವು ಹಾಡುತ್ತಿದ್ದ ಮಂಗಳವೇ. ಅದರ ಧಾಟಿಯನ್ನೇ ಕೊಟ್ಟೆ. ಈಗ ಆಡಿ ನೋಡಲು ಬಂದ ಅವನ ಗೆಳೆಯರು ಸೋತಾಗಲೆಲ್ಲ ಮಂಗಳ ಕೇಳಿಸುತ್ತದೆ, ಕೃಷ್ಣವೇಣಮ್ಮ ಹುರಿಗಡಲೆ ಸಕ್ಕರೆಯ ಬಟ್ಟಲು ಹಿಡಿದು ಮಹಡಿ ಹತ್ತುತ್ತಾರೆ.

"ಅಮ್ಮಾ, ಇದು ಪೂಜೆ ಅಲ್ಲ, ಅವನು ಸೋತಿದ್ದಾನೆ ಕಣಮ್ಮ. ಟ್ಯೂನ್ ಚೇಂಜ್ ಮಾಡಿಸ್ತೀನಿ" ಎಂದ ಸೇತುರಾಮ.

"ಸೋತ್ರೇನೋ? ಮಂಗಳ ಆದ್ಮೇಲೆ ಬರಿಗೈಲಿ ಕಳಿಸ್ತಾರಾ?" ಎಂದರು.

ಟ್ಯೂನ್ ಉಳಿಯಿತು. ಕೊನೆಯ ಸಾಲಿನಲ್ಲಿ ನೀವು ದನಿ ಜಾರಿಸಿ ಇಳಿಯುತ್ತಿದ್ದಿರಲ್ಲ, ಅದು ಮಾತ್ರ ಯಂತ್ರಕ್ಕೆ ಬರುವುದಿಲ್ಲ. ಅಷ್ಟನ್ನು ನಾನೇ ಬಾಯಲ್ಲಿ ಹಾಡಿಕೊಳ್ಳುತ್ತೇನೆ.

ಬೋರ್ ನೀರಿಗೆ ಗಂಟಲು ಕಟ್ಟಿದೆ, ಜ್ವರವಿಲ್ಲ. ನಿಮ್ಮ ಮಂಡಿನೋವು ಹೇಗಿದೆ, ಬರೆಯಿರಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಚಿಕ್ಕಂದಿನಲ್ಲಿ ಪೂಜೆಗೆ ಕೂತರೆ, ಮಂಗಳ ಆಗದೆ ಏಳಬಾರದೆಂದು ನನ್ನನ್ನು ಕೈ ಹಿಡಿದು ಕೂರಿಸುತ್ತಿದ್ದಿರಿ. ಅಗೋ, ಮಹಡಿಯಲ್ಲಿ ಯಾರೋ ಸೋತರು. ಏಳುತ್ತೇನೆ, ದೊಡ್ಡಮ್ಮ.

ಗೋದಾ