ನಿನ್ನ ಹೆಂಡತಿ ಮೆಟ್ಟಿಲಿಳಿದ ದಿನ

ಭಾನುವಾರ, ಸೆಪ್ಟೆಂಬರ್ ೧೪

ಚಿರಂಜೀವಿ ಗುಂಡನಿಗೆ ಅಮ್ಮನ ಆಶೀರ್ವಾದಗಳು.

ಹಡಗಿನ ಎಂಜಿನ್ ನೋಡಿಕೊಳ್ಳುವ ದೊಡ್ಡ ಮನುಷ್ಯನಾದರೂ, ಒಂದು ಮಗುವಿನ ಅಪ್ಪನಾದರೂ ನನಗೆ ನೀನು ಗುಂಡನೇ. ಪತ್ರ ತಡವಾಯಿತೆಂದು ಮುನಿಸಿಕೊಳ್ಳಬೇಡ. 'ಫೋಟೋದಲ್ಲೆಲ್ಲ ಮಗು ನಿನ್ನ ತೊಡೆಯ ಮೇಲೇ ಇದೆ, ಅದರ ಅಮ್ಮನ ಕೈಯಲ್ಲಿರುವ ಒಂದು ಫೋಟೋನೂ ಇಲ್ಲವಲ್ಲ, ಯಾಕೆ?' ಎಂದು ನೀನು ಕೇಳಿ ಬರೆದಿದ್ದೆ. ಅದಕ್ಕೆ ಉತ್ತರ ಹೇಳುವ ಹಕ್ಕು ನನ್ನದಾಗಿರಲಿಲ್ಲ. ನಿನ್ನೆ ಅವಳೇ, 'ಅತ್ತೆ, ಈಗ ಬರೀರಿ. ಏನೂ ಮುಚ್ಚಿಡಬೇಡಿ. ನಾನು ಫೋನಲ್ಲಿ ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ' ಎಂದಳು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಮಗು ಗುಂಡುಕಲ್ಲಿನ ಹಾಗಿದೆ. ಹಲ್ಲು ಬರುತ್ತಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ನನ್ನ ಅಳತೆ ಟೇಪನ್ನೂ ಬಿಟ್ಟಿಲ್ಲ.

ನಿನ್ನ ಹೆಂಡತಿಗೆ ಹುಷಾರಿರಲಿಲ್ಲ ಗುಂಡ. ಮೈಗಲ್ಲ, ಮನಸ್ಸಿಗೆ. ನೀನು ಹಡಗು ಹತ್ತಿದ ಮೇಲೆ ಶುರುವಾಯಿತು. ಅಷ್ಟುದ್ದದ ಬಸ್ಸನ್ನು ಜನ ಕಿಕ್ಕಿರಿದ ಬೀದಿಯಲ್ಲಿ ಯಾರಿಗೂ ತಾಗಿಸದೆ ತಿರುಗಿಸುವ ನಮ್ಮ ಸಾರಥಿ, ಅಂಗೈಯಗಲದ ಮಗುವನ್ನು ಎತ್ತಿಕೊಳ್ಳಲು ನಡುಗುತ್ತಿದ್ದಳು. ನಮ್ಮ ಮೂರನೆಯ ಮಹಡಿಯ ಮೆಟ್ಟಿಲ ಹತ್ತಿರವಂತೂ ಮಗುವಿನೊಂದಿಗೆ ಸುಳಿಯುತ್ತಲೇ ಇರಲಿಲ್ಲ. ಬಾಣಂತಿಗೆ ಸುಸ್ತು ಎಂದುಕೊಂಡೆ. ಮಗು ಕುಂಯ್ ಎಂದರೆ ಸಾಕು, ಓಡಿಹೋಗಿ ನಾನೇ ಎತ್ತಿಕೊಳ್ಳುತ್ತಿದ್ದೆ. 'ನೀನು ಮಲಗಮ್ಮ, ನಾನಿದ್ದೀನಲ್ಲ.' ಗಿರಾಕಿಗಳ ಪರದೆ ಹೊಲಿಯುವಾಗಲೂ ಮಗು ನನ್ನ ಮಡಿಲಲ್ಲೇ. ಇಂಥ ಅತ್ತೆ ಯಾರಿಗುಂಟು ಎಂದು ನನ್ನಷ್ಟಕ್ಕೆ ನಾನೇ ಬೀಗುತ್ತಿದ್ದೆ. ಅವಳೋ ಗೋಡೆ ನೋಡುತ್ತಾ ಮಲಗಿರುತ್ತಿದ್ದಳು, ನಿದ್ದೆ ಮಾತ್ರ ಮಾಡುತ್ತಿರಲಿಲ್ಲ.

ಗೊತ್ತಾದದ್ದು ಮಗುವಿಗೆ ಚುಚ್ಚುಮದ್ದು ಹಾಕಿಸಿದ ದಿನ. ನರ್ಸು ಸೂಜಿ ಚುಚ್ಚಿ ಮುಗಿಸಿ, 'ಮಗು ಸರಿ. ಅಮ್ಮ ಹೇಗಿದ್ದಾರೆ?' ಎಂದಳು. 'ಚೆನ್ನಾಗಿದ್ದಾಳೆ' ಎಂದು ನಾನು ಬಾಯಿ ಹಾಕಿದೆ. ಆಕೆ ನನ್ನ ಕಡೆ ತಿರುಗದೆ, 'ಅವರನ್ನ ಕೇಳಿದ್ದು' ಎಂದಳು. ಅಷ್ಟಕ್ಕೇ ಇವಳ ದುಃಖದ ಕಟ್ಟೆ ಒಡೆಯಿತು. 'ಮೆಟ್ಟಿಲ ಹತ್ರ ಹೋದ್ರೆ ಮಗು ಕೈಯಿಂದ ಬೀಳೋದೇ ಕಣ್ಣಿಗೆ ಕಟ್ಟುತ್ತೆ. ನಾನೇ ಬೀಳಿಸಿಬಿಡ್ತೀನೇನೋ ಅನ್ಸುತ್ತೆ. ನನ್ನಂಥೋಳ ಹತ್ರ ಅದು ಇರಬಾರದು. ಅತ್ತೆಗೂ ಗೊತ್ತಾಗಿದೆ, ಅದಕ್ಕೇ ನನ್ನ ಕೈಗೆ ಕೊಡಲ್ಲ.' ನನ್ನ ಉಪಕಾರ ಅವಳಿಗೆ ಹೀಗೆ ಕಂಡಿತ್ತು ನೋಡು!

ಹೆರಿಗೆಯಾದ ಮೇಲೆ ಎಷ್ಟೋ ತಾಯಂದಿರಿಗೆ ಬರುವ ಕಾಯಿಲೆ ಇದು, ವಾಸಿಯಾಗುತ್ತದೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಮಾತೇ ಆಕೆಯ ಚಿಕಿತ್ಸೆಯಂತೆ. 'ಮಾತಿಗೂ ಡಾಕ್ಟರಾ? ಮನೇಲಿ ನಾನು ಬೆಳಗಿಂದ ಸಂಜೆ ತನಕ ಆಡೋದೇನು ಕಡಿಮೆ ಆಗಿತ್ತಾ?' ಎಂದೆ. ಸಾರಥಿ ನಕ್ಕುಬಿಟ್ಟಳು, ಎಷ್ಟೋ ದಿನಗಳ ಮೇಲೆ. 'ಅಲ್ಲಿ ಮಾತಾಡೋದು ನಾನು ಅತ್ತೆ. ಅವರು ಕೇಳಿಸ್ಕೊಳ್ತಾರೆ.' ಮೊದಲ ದಿನ ನಾನೂ ಒಳಗೆ ನುಗ್ಗಿದೆ. ಆಕೆ ನಗುನಗುತ್ತಲೇ ನನ್ನನ್ನು ಹೊರಗೆ ಕಳಿಸಿದಳು. ಮುಖ ಊದಿಸಿಕೊಂಡು ಕೂತೆ.

ಕೆಲವು ವಾರ ಏನೂ ಬದಲಾಗಲಿಲ್ಲ. ಒಂದು ದಿನ ಅಲ್ಲಿಂದ ಬಂದವಳೇ, 'ಇನ್ಮೇಲೆ ಹೋಗಲ್ಲ, ಕೆದಕಿ ಕೆದಕಿ ಇನ್ನೂ ಜಾಸ್ತಿ ಆಗ್ತಿದೆ' ಎಂದು ಬಾಗಿಲು ಹಾಕಿಕೊಂಡಳು. ಮರುವಾರ ಯಾರೂ ಹೇಳದೆ ತಾನೇ ಚಪ್ಪಲಿ ಮೆಟ್ಟಿ ಹೊರಟಳು. ಹೆದರಿಕೆ ಬಂದರೆ ಬರಲಿ, ಅದು ಬರೀ ಯೋಚನೆ, ನಾನು ಮಾಡುವ ಕೆಲಸವಲ್ಲ ಎಂಬುದನ್ನು ಅವಳು ಕಲಿತದ್ದು ಅಲ್ಲಿ. ಮೊದಲು ನೆಲದ ಮೇಲೆ ಕೂತು ಮಗುವನ್ನು ಎತ್ತಿಕೊಂಡಳು, ಆಮೇಲೆ ನಿಂತು, ಆಮೇಲೆ ಬಾಗಿಲ ತನಕ. ನನಗೂ ಒಂದು ಕಟ್ಟಪ್ಪಣೆಯಾಯಿತು: ಅವಳು ಕೇಳುವವರೆಗೆ ಕೈ ಚಾಚಕೂಡದು. ಹೊಲಿಗೆಯವಳ ಕೈಯನ್ನು ಸುಮ್ಮನಿರಿಸುವುದು ಎಷ್ಟು ಕಷ್ಟವೆಂದು ಆ ಸಮಾಲೋಚಕಿಗೇನು ಗೊತ್ತು!

ಮೊನ್ನೆ ಶುಕ್ರವಾರ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು, 'ಅತ್ತೆ, ಕೆಳಗೆ ಹೋಗಿ ಬರ್ತೀವಿ' ಎಂದಳು. ಬರ್ತೀವಿ! ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತೆ. ಮೊದಲ ತಿರುವಿನಲ್ಲೇ ಅವಳು ನಿಂತುಬಿಟ್ಟಳು. ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. 'ಬರಲಾ' ಎಂಬ ಮಾತು ನಾಲಗೆಯ ತುದಿಯವರೆಗೂ ಬಂದದ್ದನ್ನು ನುಂಗಿಕೊಂಡೆ. 'ಕೈ ನಡುಗ್ತಿದೆ ಅತ್ತೆ. ಆದ್ರೂ ಇಳೀತೀನಿ' ಎಂದಳು. ಇಳಿದಳು ಕಣೋ!

ಕೆಳಗೆ ಅಂಗಡಿಯವನ ಹೆಂಡತಿ, 'ಏನ್ರೀ, ಕಾಣಿಸ್ತಾನೇ ಇರಲಿಲ್ಲ?' ಎಂದದ್ದು ಕಿಟಕಿಗೆ ಓಡಿದ ನನಗೂ ಕೇಳಿಸಿತು. ಇವಳು, 'ಮನಸ್ಸಿಗೆ ಹುಷಾರಿರಲಿಲ್ಲ. ಚಿಕಿತ್ಸೆ ತಗೊಳ್ತಿದ್ದೀನಿ' ಎಂದಳು. ಜ್ವರ ಬಂದಿತ್ತು ಎನ್ನುವಷ್ಟು ಸಲೀಸಾಗಿ! ನಾನಾಗಿದ್ದರೆ ತಲೆನೋವೆಂದು ಸುಳ್ಳು ಹೇಳುತ್ತಿದ್ದೆ. ಆಕೆ ಇವಳ ಕೈ ಹಿಡಿದು ಬಹಳ ಹೊತ್ತು ಏನೋ ವಿಚಾರಿಸಿದಳು. ಸಮಾಲೋಚಕಿಯ ವಿಳಾಸವಂತೆ, ತನ್ನ ತಂಗಿಗೆ ಬೇಕಂತೆ. ನಿನ್ನೆ ಪರದೆಯ ಅಳತೆಗೆ ಹೋದ ಎರಡು ಮನೆಯಲ್ಲೂ ನನ್ನದು ಇದೇ ಕಥೆ, ಅವಳನ್ನು ಕೇಳಿ ಒಪ್ಪಿಗೆ ಪಡೆದೇ ಹೇಳಿದೆ. ಅವಳು ಬಸ್ಸು ಓಡಿಸುವುದನ್ನು ಕಂಡೂ ನಾನು ಇಷ್ಟು ಹೆಮ್ಮೆಪಟ್ಟಿರಲಿಲ್ಲ.

ಪೂರ್ತಿ ಗುಣವಾಗಿಲ್ಲ. ಒಂದೊಂದು ದಿನ ಮಂಕಾಗಿರುತ್ತಾಳೆ. ಮಾತ್ರೆಯೂ ಮಾತೂ ನಡೆದಿವೆ. ಫೋನ್ ಮಾಡಿದಾಗ 'ನನಗ್ಯಾಕೆ ಹೇಳಲಿಲ್ಲ' ಎಂದು ಜೋರು ಮಾಡಬೇಡ. ಕೇಳಿಸಿಕೋ, ಸಾಕು. ಹೊಟ್ಟೆತುಂಬ ಉಣ್ಣು, ಎಂಜಿನ್ನಿನ ಸೆಖೆಯಲ್ಲಿ ನೀರು ಕುಡಿಯಲು ಮರೆಯಬೇಡ. ಸಮುದ್ರ ನಿನ್ನನ್ನು ಸುಖವಾಗಿ ಮನೆಗೆ ಕಳಿಸಿಕೊಡಲಿ, ನಿಮ್ಮ ಮೂವರ ಬಾಳು ತಂಪಾಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಹುಟ್ಟಿದ ಹೊಸತರಲ್ಲಿ ನೀನು ದೊಡ್ಡಮ್ಮನ ಮನೆಯಲ್ಲಿ ಯಾಕೆ ಬೆಳೆದೆ ಎಂದು ಕೇಳಿದಾಗಲೆಲ್ಲ, ನನಗೆ ಹೊಲಿಗೆ ಕೆಲಸ ಜಾಸ್ತಿಯಿತ್ತು ಎನ್ನುತ್ತಿದ್ದೆ. ಕೆಲಸವೇ ಇರಲಿಲ್ಲ ಗುಂಡ. ನನಗೂ ಹೀಗೇ ಆಗಿತ್ತು. ನಿನ್ನನ್ನು ಕಂಡರೆ ಭಯ. 'ಇವಳಿಗೆ ತಾಯಿಕರುಳೇ ಇಲ್ಲ' ಎಂದು ನಿನ್ನ ಅಜ್ಜಿ ನಿನ್ನನ್ನು ಒಯ್ದು ನನ್ನ ಅಕ್ಕನ ಕೈಗೆ ಕೊಟ್ಟರು. ಇಷ್ಟು ವರ್ಷ ನಾನೂ ಆ ಮಾತನ್ನೇ ನಂಬಿದ್ದೆ. ಅದು ಕಾಯಿಲೆ, ನನ್ನ ಗುಣವಲ್ಲ ಎಂದು ಸೊಸೆಯಿಂದ ತಿಳಿಯಿತು. ಮಂಗಳವಾರ ಸಮಾಲೋಚಕಿಯನ್ನು ಕಾಣಲು ನಾನೂ ಹೋಗುತ್ತಿದ್ದೇನೆ. ಅಲ್ಲಿ ಹೇಳುವ ಮೊದಲು ನಿನಗೆ ಹೇಳಬೇಕೆನಿಸಿತು. ಮಾತು ಕಲಿತ ಮೇಲೆ ನಿನ್ನನ್ನು ಮನೆಗೆ ಕರೆತಂದರಲ್ಲ, ಆವತ್ತು ಅಕ್ಕನ ಮಕ್ಕಳು ಕರೆಯುವ ಹಾಗೆ ನೀನೂ ನನ್ನನ್ನು 'ಚಿಕ್ಕಮ್ಮ' ಎಂದು ಕರೆದೆ. ನಾನು ತಿದ್ದಲಿಲ್ಲ. ಓಗೊಟ್ಟೆ.