ಲಾಗ್‌ನಲ್ಲಿರುವ ನನ್ನ ಹೆಸರು

ಭಾವನವರಿಗೆ,

ಆಫೀಸಿನಲ್ಲಾದರೆ ಸಾರ್ ಎನ್ನುತ್ತಿದ್ದೆ; ಇದು ಮನೆಗೆ ಬರೆದದ್ದು.

ಕಳ್ಳರು ನಮ್ಮ ನೆಟ್‌ವರ್ಕಿಗೆ ನುಗ್ಗುವ ಮುಂಚೆ ಫೈರ್‌ವಾಲ್‌ನ ಎಚ್ಚರಿಕೆಗಳನ್ನು ನಿಲ್ಲಿಸಿದ್ದು ನಾನೇ ಎಂದು ನನಗೆ ನೋಟಿಸ್ ಕೊಟ್ಟಿದ್ದೀರಿ. ಯಾರು ಏನು ಮಾಡಿದರೆಂದು ದಾಖಲಾಗುವ ಲಾಗ್‌ನಲ್ಲಿ ನನ್ನ ಹೆಸರಿದೆ, ನಿಜ. ಯಾವ ಕಂಪ್ಯೂಟರಿನಿಂದ ನಿಲ್ಲಿಸಿದ್ದು ಎಂಬುದೂ ಅದರ ಪಕ್ಕದಲ್ಲೇ ಇದೆ. ಅದು ನಿಮ್ಮ ಕೋಣೆಯದು. "ಈ ಎಚ್ಚರಿಕೆಗಳಿಂದ ರಿಪೋರ್ಟ್ ತುಂಬಾ ಕೆಂಪು ಕಾಣ್ತಿದೆ, ಮೀಟಿಂಗಲ್ಲಿ ಮಾನ ಹೋಗುತ್ತೆ, ನಿನ್ನ ಪಾಸ್‌ವರ್ಡ್ ಹೇಳಮ್ಮ" ಅಂತ ಫೋನ್ ಮಾಡಿದ್ದು ಮರೆತುಹೋಯಿತೇ? ಆಗ ನಾನು ಹೆರಿಗೆ ವಾರ್ಡಿನಲ್ಲಿ ನಿಮ್ಮ ಮಗಳನ್ನು ಎತ್ತಿಕೊಂಡು ನಿಂತಿದ್ದೆ.

ಅಕ್ಕ ಹಸಿ ಬಾಣಂತಿ. ಅವಳ ಮುಂದೆ ಇನ್ನೂ ತುಟಿಪಿಟಕ್ಕೆಂದಿಲ್ಲ. ಸೋಮವಾರದೊಳಗೆ ನೋಟಿಸ್ ವಾಪಸು ತೆಗೆದುಕೊಳ್ಳಿ. ಆಗದಿದ್ದರೆ ಅದಕ್ಕೆ ಉತ್ತರವನ್ನೂ ನೀವೇ ಬರೆದುಬಿಡಿ. ನನ್ನ ಹೆಸರಿನಲ್ಲಿ ಕೆಲಸ ಮಾಡಿ ನಿಮಗೆ ರೂಢಿಯಿದೆ.

ಇಂತಿ,
ನಿಮ್ಮ ಮಗಳ ಚಿಕ್ಕಮ್ಮ