ಬಾವಿಯ ಕೊಳೆ

೧೧ ಜನವರಿ ೧೯೩೬, ಶನಿವಾರ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಇನ್ನೂ ನಿಂತಿಲ್ಲ. ಹಳ್ಳ ಇವತ್ತೂ ಕಂದು. ಮೇಲೆ ನೊರೆ, ಕಾಫಿ ಸಿಪ್ಪೆಯ ಹುಳಿ ನಾತ. ಬಟ್ಟೆಯಲ್ಲಿ ಸೋಸಿದೆ, ಕುದಿಸಿದೆ. ಕುದಿಸಿದರೆ ನಾತ ಬಿಸಿಯಾಗುತ್ತದೆ, ಅಷ್ಟೆ. ಉತ್ತಯ್ಯ ದಣಿಗಳ ಎಸ್ಟೇಟಿನ ಕಾಫಿ ಲಂಡನ್ನಿಗೆ. ಕಾಫಿ ತೊಳೆದ ನೀರು ನಮ್ಮ ಕೂಲಿ ಲೈನಿಗೆ.

ಪಕ್ಕದ ಕೋಣೆಯ ಜವರಿಯ ಕೂಸಿಗೆ ಭೇದಿ. ಈ ಹಳ್ಳದ ನೀರು ಬಿಟ್ಟು ಬೇರೆ ಏನಾದರೂ ಕುಡಿಸು ಎಂದೆ. ಜವರಿ ನಕ್ಕಳು. "ಏನ್ ಕುಡುಸ್ಲಿ ಚಿಕ್ಕಕ್ಕ? ದೊರೆಗಳ ಬ್ರಾಂದಿಯಾ?"

ಬೇರೆ ನೀರು ಇಲ್ಲದೇನಿಲ್ಲ. ಪೇಟೆಯ ಬಾವಿ ಇದೆ. ಸುಂಟಿಕೊಪ್ಪದ ರಸ್ತೆಯಲ್ಲಿ ಗಾಡಿಯವರಿಗೆಂದು ಸರ್ಕಾರ ತೋಡಿಸಿದ್ದು. ಕಲ್ಲಿನ ಮೇಲೆ 'ಸಾರ್ವಜನಿಕ ಬಾವಿ' ಎಂದು ಕೆತ್ತಿದ್ದಾರೆ. ನಮ್ಮ ಲೈನಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಕಟ್ಟೆ ಹತ್ತಬಾರದು ಎಂಬುದನ್ನು ಮಾತ್ರ ಓದು ಬಾರದವರಿಗೂ ಚೆನ್ನಾಗಿ ಕಲಿಸಿದ್ದಾರೆ.

ಇನ್ನೊಂದು ಬರೆದಿಡಬೇಕು. ಬೇಸಿಗೆಗೆ ಮುಂಚೆ ಆ ಬಾವಿಯೊಳಗೆ ಇಳಿದು ಹೂಳು ತೆಗೆಯುವವನು ಯಾರು? ನಮ್ಮಪ್ಪ, ಮಾರ. ಮೇಲೆ ನಿಂತು ಬುಟ್ಟಿ ಎಳೆಯುವವನು ನಮ್ಮ ಲೈನಿನ ಪಾಪಣ್ಣ. ಅದೊಂದು ದಿನ ಇಬ್ಬರೂ ಕಟ್ಟೆ ಹತ್ತಬಹುದು. ಅಪ್ಪ ಮೇಲೆ ಬಂದ ಮೇಲೆ ತಿರುಮಲೇಶ್ವರ ಭಟ್ಟರು ಮಂತ್ರ ಹೇಳಿ ಪಂಚಗವ್ಯ ಸುರಿಯುತ್ತಾರೆ. ಬಾವಿ ಶುದ್ಧ. ಅಪ್ಪ ಮೈ ತೊಳೆಯಲು ಹಳ್ಳಕ್ಕೆ.

೧೫ ಜನವರಿ

ತಿಮ್ಮಪ್ಪಯ್ಯನವರ ಮನೆಯಲ್ಲಿ ಹರಿಜನ ಸೇವಾ ಸಂಘದ ಮೀಟಿಂಗು. ಅವರು ಅಧ್ಯಕ್ಷರು. ಮಡಿಕೇರಿಯ ವಕೀಲಿ ಬಿಟ್ಟು ಖಾದಿ ಉಟ್ಟವರು. ಸಂಘದವರು ಜಗಲಿಯಲ್ಲಿ ಕುಳಿತರು. ನಾನು ಸಂಘದವಳೇ... ಅಂಗಳದಲ್ಲಿ ಕುಳಿತೆ.

ತೀರ್ಮಾನ: ಇಪ್ಪತ್ತಾರನೇ ತಾರೀಖು, ಸ್ವಾತಂತ್ರ್ಯ ಪ್ರತಿಜ್ಞೆಯ ದಿನ, ಬಾವಿ ಎಲ್ಲರಿಗೂ ತೆರೆಯುವುದು. ಪ್ರಭಾತಫೇರಿ, ಭಜನೆ, ಭಾಷಣ. ನೀರು ಸೇದುವವಳು ನಾನು. "ಜೈಲಿಗೆ ಹೋಗಿ ಬಂದವಳು, ಓದಿದವಳು, ಶುಚಿಯಾಗಿದ್ದಾಳೆ" ಎಂದು ತಿಮ್ಮಪ್ಪಯ್ಯ ಶಿಫಾರಸು ಮಾಡಿದರು. ಎಮ್ಮೆ ಮಾರುವಾಗ ಹಾಗೆ ಹೇಳುತ್ತಾರೆ.

ಮೀಟಿಂಗು ಮುಗಿದ ಮೇಲೆ ಅವರ ಹೆಂಡತಿ ವಿಶಾಲಾಕ್ಷಮ್ಮ ಹಿತ್ತಲಲ್ಲಿ ಕಾಫಿ ಕೊಟ್ಟರು. ಮೇಲಿನಿಂದ, ಕರಟಕ್ಕೆ. ಹೆಂಡದಂಗಡಿ ಪಿಕೆಟಿಂಗಿಗೆ ಇಬ್ಬರೂ ಒಟ್ಟಿಗೇ ವೆಲ್ಲೂರು ಜೈಲಿಗೆ ಹೋಗಿದ್ದೆವು. ಅಲ್ಲಿ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದಿದ್ದೆವು. ಬಿಡುಗಡೆಯಾದ ದಿನ ತಟ್ಟೆ ಜೈಲಿನಲ್ಲೇ ಉಳಿಯಿತು. ಬಿಡುಗಡೆ ಯಾರಿಗೆ ಆಯಿತೋ.

೨೨ ಜನವರಿ

ಲಂಡನ್ನಿನಲ್ಲಿ ರಾಜ ಸತ್ತ. ಇಲ್ಲಿ ಬಾವಿ ಮುಂದಕ್ಕೆ ಹೋಯಿತು.

"ಸೂತಕದ ಸಮಯದಲ್ಲಿ ಮೆರವಣಿಗೆ ಚೆಂದ ಕಾಣುದಿಲ್ಲ ಚಿಕ್ಕಿ" ಎಂದರು ತಿಮ್ಮಪ್ಪಯ್ಯ. ಯಾರ ರಾಜ್ಯ ಬೇಡವೆಂದು ಪ್ರತಿಜ್ಞೆ ಮಾಡುವುದೋ ಆ ರಾಜನಿಗೇ ಸೂತಕ! ಕೇಳಿದೆ. ನಗೆಯಾಡಿಬಿಟ್ಟರು. "ನಿನ್ನ ಬಾಯಿ ಉಂಟಲ್ಲ ಮಾರಾಯ್ತಿ..."

ಜವರಿಯ ಕೂಸಿನ ಕಣ್ಣು ಒಳಗೆ ಹೋಗಿವೆ.

೨ ಫೆಬ್ರವರಿ, ಭಾನುವಾರ

ಆಯಿತು. ಸೇದಿದೆ.

ಸಂತೆಯ ಜನವೆಲ್ಲ ನಿಂತು ನೋಡಿತು. ಲೈನಿನವರು ಮಿಂದು, ಒಗೆದದ್ದು ಉಟ್ಟು, ರಸ್ತೆಯಾಚೆ ನಿಂತಿದ್ದರು. ಮುಂದೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ನನ್ನ ಕೈಯಲ್ಲಿ ವಿಶಾಲಾಕ್ಷಮ್ಮನ ಹಿತ್ತಾಳೆ ಕೊಡ. ಕಟ್ಟೆಯ ಮುಂದೆ ಒಮ್ಮೆ ನಿಂತುಬಿಟ್ಟೆ. ಯಾಕೆ ನಿಲ್ಲಬೇಕು? ಅಪ್ಪ ತಳ ಮೆಟ್ಟಿದ ಬಾವಿಯ ಕಟ್ಟೆ ಎಂದರೆ ಮಗಳಿಗೆ ಯಾಕೆ ಭಯ? ಹತ್ತಿದೆ.

ರಾಟೆ ಕಿರುಗುಟ್ಟಿತು. ಕೊಡ ಬಂತು. "ಹಾಗೇ ಇರು!" ಎಂದ ಫೋಟೋದವನು. ಕೊಡ ಹಿಡಿದು ಹಾಗೇ ಇದ್ದೆ. ತಿಮ್ಮಪ್ಪಯ್ಯ ಒಂದು ಬೊಗಸೆ ಕುಡಿದರು. ಜೈಕಾರ. ಭಟ್ಟರು ಅಂಗಡಿ ಜಗಲಿಯಿಂದ ನೋಡುತ್ತಿದ್ದವರು ಎದ್ದು ಒಳಗೆ ಹೋದರು.

ನಾನು ಸೇದಿಕೊಟ್ಟ ಒಂದು ಕೊಡ ಜವರಿ ಹೊತ್ತೊಯ್ದಳು. ಕೂಸು ಗಟಗಟ ಕುಡಿಯಿತಂತೆ. ಲೈನಿನಲ್ಲಿ ಹಬ್ಬ. ಅಪ್ಪ ನೀರು ಬಾಯಲ್ಲಿಟ್ಟು ಬಹಳ ಹೊತ್ತು ನುಂಗಲೇ ಇಲ್ಲ. "ಇಷ್ಟ್ ವರ್ಸ ಕಾಲಲ್ಲೇ ತುಳ್ದೆ ಕನವ್ವ. ಇಂಗಿರ್ತದೆ ಅಂತ ಗೊತ್ತಿರ್ಲಿಲ್ಲ" ಎಂದ.

೪ ಫೆಬ್ರವರಿ

ಜವರಿ ಕೊಡ ಹೊತ್ತು ಹೋದವಳು ಬರಿಗೊಡ ತಂದಳು. ಬಾವಿಗೆ ಹಗ್ಗ ಇಲ್ಲ. ರಾಟೆಯೂ ಇಲ್ಲ. ಪೇಟೆಯವರು ಬಿಚ್ಚಿಟ್ಟಿದ್ದಾರೆ. ಅವರಿಗೆ ಗಾಡಿಯಲ್ಲಿ ದೂರದ, ಎಸ್ಟೇಟಿಗಿಂತ ಮೇಲಿನ ತೊರೆಯಿಂದ ನೀರು ಬರುತ್ತಿದೆ. ಅಲ್ಲಿಗೆ ಇನ್ನೂ ಪಲ್ಪಿನ ನೀರು ಸೇರಿಲ್ಲ.

ತಿಮ್ಮಪ್ಪಯ್ಯನವರ ಮನೆಗೆ ಓಡಿದೆ. ಮಡಿಕೇರಿಗೆ ಹೋಗಿದ್ದಾರೆ. ಪತ್ರಿಕೆಗೆ ಫೋಟೋ ಕೊಡಲು.

೧೦ ಫೆಬ್ರವರಿ, ಸೋಮವಾರ

ಶುಕ್ರವಾರ ಜವರಿಯ ಕೂಸನ್ನು ಮಣ್ಣು ಮಾಡಿದೆವು. ಅಂದಿನಿಂದ ಬರೆಯಲಾಗಲಿಲ್ಲ.

ಇವತ್ತು ಪೇಟೆಯಲ್ಲಿ ಶಾಂತಿ ಸಭೆ. ಇದಕ್ಕೂ ಸಂಘವೇ ಮುಂದು. ಒಪ್ಪಂದ ಇದು: ಬಾವಿ ಮೈಲಿಗೆಯಾಗಿದೆ. ಬರುವ ಭಾನುವಾರ ನೀರೆಲ್ಲ ಎತ್ತಿ, ಹೂಳು ತೆಗೆಸಿ, ಶುದ್ಧಿ ಮಾಡುವುದು. ಆಮೇಲೆ ಕಟ್ಟೆಯಿಂದ ದೂರ ಒಂದು ಕಲ್ಲು ಮರಿಗೆ. ಪೇಟೆಯವನೊಬ್ಬ ದಿನಕ್ಕೊಮ್ಮೆ ನೀರು ಹೊಯ್ಯುತ್ತಾನೆ, ಲೈನಿನವರು ಮೊಗೆದುಕೊಳ್ಳಬೇಕು. ದನಗಳ ಹಾಗೆ.

ಎದ್ದು ನಿಂತು ಅದನ್ನೇ ಹೇಳಿದೆ.

"ನೋಡು ಚಿಕ್ಕಿ, ಎಲ್ಲ ಒಂದೇ ದಿವಸಕ್ಕೆ ಆಗ್ತದಾ?" ತಿಮ್ಮಪ್ಪಯ್ಯ. "ಅವರಿಗೂ ಒಂದು ಮನಸ್ಸು ಉಂಟಲ್ಲ. ಶಾಂತಿ ಮುಖ್ಯ. ನೀರು ಸಿಕ್ಕಿದ ಹಾಗೂ ಆಯ್ತು."

"ಜವರಿಯ ಕೂಸಿಗೆ ಸಿಕ್ಕಿತಾ?"

ಅದನ್ನು ಬಿಟ್ಟು ಒಬ್ಬ ಕೇಳಿದ — ಹೂಳು ತೆಗೆಯಲು ಇಳಿಯುವವರು ಯಾರು?

ಉತ್ತಯ್ಯ ದಣಿಗಳು ಮೀಸೆ ತಿರುವಿದರು. "ಯಾರೂಂತ ಕೇಳುದೇನು? ಪ್ರತಿವರ್ಷ ಇಳಿಯುವವನು. ಮಾರ ನನ್ನ ಲೈನಿನವ. ನಾನು ಹೇಳಿದ್ರೆ ಇಳೀತಾನೆ. ಇಳಿಯದಿದ್ರೆ ಲೈನು ಖಾಲಿ ಮಾಡಿ ಹೋಗ್ತಾನೆ."

ಒಬ್ಬರಿಗೂ ನಗು ಬರಲಿಲ್ಲ. ನಾನು ಮುಟ್ಟಿದ ಮೈಲಿಗೆಯನ್ನು ನನ್ನಪ್ಪ ಇಳಿದು ತೆಗೆಯಬೇಕು! ಒಬ್ಬರಿಗಾದರೂ ಹೊಳೆಯಬಾರದೇ? ಭಟ್ಟರಿಗೆ? ಕಾನೂನು ಓದಿದ ತಿಮ್ಮಪ್ಪಯ್ಯನಿಗೆ?

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬೀಡಿ ಹಚ್ಚಿದ. "ಭಾನ್ವಾರ ತಾನೆ? ಇಳೀತೀನಿ."

"ನಾಚಿಕೆ ಇಲ್ವಾ ಅಪ್ಪ?"

"ಇಳೀದೆ ಲೈನ್ ಬುಟ್ಟು ಎಲ್ಲಿಗೋಗಾದು ಕೂಸೆ?"

ಗುಲಾಮ ಎಂದೆ. ಹುಟ್ಟು ಗುಲಾಮ ಎಂದೆ. ಜವರಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಪ್ಪ ಅವಳನ್ನು ನೋಡಿದ, ನನ್ನನ್ನಲ್ಲ. ಬೀಡಿ ಪೂರ್ತಿ ಸೇದಿ ಎದ್ದು ಹೋದ.

೧೩ ಫೆಬ್ರವರಿ

ಅಪ್ಪನ ಜೊತೆ ಮಾತಿಲ್ಲ. ಪತ್ರಿಕೆ ಬಂತು. ಫೋಟೋದಲ್ಲಿ ಕೊಡ ಹಿಡಿದು ನಿಂತಿದ್ದೇನೆ. ಕೆಳಗೆ — 'ಹರಿಜನರಿಗೆ ಬಾವಿ ಮುಕ್ತ: ಸೇವಾ ಸಂಘದ ವಿಜಯ.' ವಿಶಾಲಾಕ್ಷಮ್ಮ ಅದಕ್ಕೆ ಕಟ್ಟು ಹಾಕಿಸುತ್ತಾರಂತೆ.

೧೬ ಫೆಬ್ರವರಿ, ಭಾನುವಾರ. ಬೆಳಿಗ್ಗೆ

ಬಾವಿಯ ಬಳಿ. ಬರಬಾರದೆಂದಿದ್ದೆ. ಬಂದೆ. ರಾಟೆ ಹಗ್ಗ ಮತ್ತೆ ಹಾಕಿದ್ದಾರೆ, ಈ ಕೆಲಸಕ್ಕೆ. ಪಾಪಣ್ಣ ಮತ್ತು ಲೈನಿನ ಗಂಡಸರು ನೀರು ಎತ್ತಿ ಎತ್ತಿ ರಸ್ತೆಗೆ ಚೆಲ್ಲಿದರು. ಸಿಹಿನೀರು. ಮಣ್ಣು ಕುಡಿಯಿತು. ಜವರಿ ಆ ಒದ್ದೆ ಮಣ್ಣನ್ನೇ ನೋಡುತ್ತ ಕುಳಿತಿದ್ದಾಳೆ.

ಅಪ್ಪ ಗೋಡೆಯ ಕಲ್ಲುಮೆಟ್ಟಿಲು ಹಿಡಿದು ಇಳಿದ. ಭಟ್ಟರು ಪಂಚಗವ್ಯದ ಕೊಡ ಇಟ್ಟುಕೊಂಡು ದೂರದಲ್ಲಿ.

ಮಧ್ಯಾಹ್ನ

ಹೂಳು ಮುಗಿಯಿತು. ಕೊನೆಯ ಬುಟ್ಟಿ ಬಂತು. "ಬಾರೋ ಮಾರ, ಆಯ್ತು" ಎಂದು ಪಾಪಣ್ಣ ಕೂಗಿದ.

ಕೆಳಗಿನಿಂದ — "ನಾ ಬರಾಕಿಲ್ಲ."

ಪಾಪಣ್ಣ ಮತ್ತೆ ಕೂಗಿದ.

"ಬರಾಕಿಲ್ಲ ಅಂದ್ನಲ್ಲ. ಭಟ್ರಿಗೇಳು, ಕೊಳೆ ಇನ್ನೂ ಒಳ್ಗೈತೆ. ನಾನೇ ಕೊಳೆ. ನನ್ ಇಟ್ಕಂಡು ಎಂಗ್ ಸುದ್ದ ಮಾಡ್ತಾರೋ ಮಾಡ್ಲಿ."

ಪಾಪಣ್ಣ ಹಗ್ಗ ಬಿಟ್ಟು ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಹೊಟ್ಟೆ ಹಿಡಿದು ನಗುತ್ತಿದ್ದಾನೆ. ರಸ್ತೆ ಬದಿಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಗುಲಾಮ ಎಂದಿದ್ದೆನಲ್ಲ...

ಮೂರು ಗಂಟೆ

ಪೇಟೆಗೆ ಪೇಟೆಯೇ ಬಂದಿದೆ. ಹತ್ತಿ ಬರಲು ಹೇಳುವವರು ನೂರು ಜನ. ಇಳಿದು ಕರೆತರುವವನು ಒಬ್ಬನೂ ಇಲ್ಲ. ಕರೆತರಬೇಕಾದರೆ ಮುಟ್ಟಬೇಕು! ಕಟ್ಟೆಯ ಬಳಿಗೇ ಬರುತ್ತಿಲ್ಲ — ಪಾಪಣ್ಣ ಇನ್ನೂ ಅಲ್ಲೇ ಕುಳಿತಿದ್ದಾನೆ. ಕಾನ್ಸ್‌ಟೇಬಲ್ ಬಂದ, ದೂರದಿಂದ ಟೊಪ್ಪಿ ಸರಿಮಾಡಿಕೊಂಡ, ಮುಟ್ಟಲು ಆರ್ಡರ್ ಇಲ್ಲವೆಂದ. ಉತ್ತಯ್ಯ ದಣಿಗಳು ಕಾರಿನಲ್ಲಿ ಬಂದರು. ಹುಲಿ ಹೊಡೆದು, ಅದರ ಪಕ್ಕದಲ್ಲಿ ಮದುಮಗನ ಹಾಗೆ ಕೂತು ನರಿಮಂಗಲ, ಅಂದರೆ ಹುಲಿಮದುವೆ, ಮಾಡಿಸಿಕೊಂಡ ಮನುಷ್ಯ. ಮಾರನ ರಟ್ಟೆ ಹಿಡಿದು ಎಳೆಯುವಷ್ಟು ಧೈರ್ಯ ಅವರಲ್ಲೂ ಇಲ್ಲ.

"ಏ ಪಾಪ, ಇಳಿದು ಅವನನ್ನು ಎಳಕೊಂಡು ಬಾ."

"ಸೊಂಟ ಉಳುಕೈತೆ ದಣೇರ."

"ಕೆಂಚ, ನೀನು?"

"ನಂಗೂ ಉಳುಕೈತೆ ದಣೇರ."

ಲೈನಿನ ಗಂಡಸರಿಗೆಲ್ಲ ಒಂದೇ ಗಳಿಗೆಯಲ್ಲಿ ಸೊಂಟ ಉಳುಕಿತು. ದಣಿಗಳು ಕೆಂಪಾದರು. "ಸಂಜೆಗೆ ಎಲ್ಲರ ಪಾತ್ರೆಪಗಡಿ ರಸ್ತೆಗೆ!" ಎಂದು ಕಾರು ತಿರುಗಿಸಿಕೊಂಡು ಹೋದರು. ಹೆದರಿಕೆ ಇಲ್ಲದೆ ಇಲ್ಲ. ಪಾಪಣ್ಣನ ನಗು ನಿಂತಿದೆ. ಆದರೂ ಎದ್ದಿಲ್ಲ.

ತಳದಲ್ಲಿ ಊಟೆ ಬಿಟ್ಟುಕೊಂಡಿದೆ. ನೀರು ಏರುವ ಸದ್ದು ಕಟ್ಟೆಗೆ ಕೇಳುತ್ತದೆ. "ಏರಲಿ ಬಿಡಿ. ಜೀವದ ಮೇಲೆ ಆಸೆ ಇದ್ರೆ ತಾನೇ ಬರ್ತಾನೆ" ಎಂದರು ಭಟ್ಟರು. ಪಂಚಗವ್ಯದ ಮೇಲೆ ನೊಣ ಕೂರುತ್ತಿವೆ. ಬಾಳೆಲೆ ಮುಚ್ಚಿದರು.

ಸಂಜೆ

ತಿಮ್ಮಪ್ಪಯ್ಯ ನನ್ನ ಹತ್ತಿರ ಬಂದರು. ಹತ್ತಿರ ಎಂದರೆ ಅವರ ಲೆಕ್ಕದ ಹತ್ತಿರ.

"ಕರಿ ಚಿಕ್ಕಿ. ನೀನು ಕರೆದ್ರೆ ಬರ್ತಾನೆ. ಇದು ಹಠ, ಸತ್ಯಾಗ್ರಹ ಅಲ್ಲ. ಸಂಘದ ಅನುಮತಿ ಬೇಡ್ವಾ?"

"ನೀರಿಗೆ ಅನುಮತಿ ಕೇಳಿದೆವು. ಕೊಟ್ಟಿರಿ. ಪೇಟೆಯವರು ಹಗ್ಗ ಬಿಚ್ಚುವಾಗ ನಿಮ್ಮನ್ನು ಕೇಳಿದರಾ?"

"ಅಪ್ಪ ಸತ್ತರೆ?"

"ಕೂಸು ಸತ್ತಾಗ ನೀವು ಮಡಿಕೇರಿಯಲ್ಲಿದ್ದಿರಿ."

ಬಾಯಿ ಹಾಗೆ ಆಡಿತು. ಕಾಲು ಬಾವಿಯ ಕಡೆ ನಡೆಯಿತು. ಕಟ್ಟೆ ಹತ್ತಿ ಬಾಗಿದೆ. ಕತ್ತಲ ತಳದಲ್ಲಿ ಅಪ್ಪನ ತಲೆ ಮಾತ್ರ ಕಾಣುತ್ತದೆ, ಮೇಲೆತ್ತಿದ ಮುಖ.

"ಅಪ್ಪಾ, ನೀರು ಎಲ್ಲಿಗೆ ಬಂತು?"

"ಸೊಂಟ ದಾಟ್ತು. ಕಾಲು ಮರಗಟ್ಟೈತೆ ಕನವ್ವ. ಕಲ್ ಇಡ್ಕಂಡಿವ್ನಿ." ಹಲ್ಲು ಕಟಕಟಿಸುವ ಸದ್ದು. "ಬರ್ಲಾ? ನೀನೇಳು. ಸೆರೆಮನೆ ನೋಡ್ದೋಳು ನೀನು. ಬಾ ಅಂದ್ರೆ ಬತ್ತೀನಿ. ಇರು ಅಂದ್ರೆ ಇರ್ತೀನಿ."

ಬಾ ಎಂದರೆ ನಾಳೆ ಮರಿಗೆ. ಅದರ ಮುಂದೆ ಜವರಿ ಬಾಗಬೇಕು, ಮುಂದೆ ಹುಟ್ಟುವ ಕೂಸೂ ಬಾಗಬೇಕು. ಬಾ ಎನ್ನಲಾರೆ. ಇರು ಎಂದು ಮೇಲೆ ನಿಂತು ಹೇಳಲೂ ಆರೆ. ಮೇಲೆ ನಿಂತು ಹೇಳುವವರು ಈ ಪೇಟೆಯಲ್ಲಿ ಸಾಕಷ್ಟಿದ್ದಾರೆ.

ಪಾಪಣ್ಣನಿಗೆ ಹೇಳಿದೆ, ಹಗ್ಗ ನನ್ನ ಸೊಂಟಕ್ಕೆ ಕಟ್ಟು. ಇನ್ನೊಂದು ಅಪ್ಪನಿಗೆ ಒಯ್ಯುತ್ತೇನೆ, ಮುಳುಗದ ಹಾಗೆ ಕಟ್ಟಿಕೊಂಡು ಇಬ್ಬರೂ ಕೆಳಗೇ ಇರುತ್ತೇವೆ. ಜಾರದ ಹಾಗೆ ಹಿಡಿದುಕೋ. ಅವನ ಸೊಂಟ ಈಗ ನೆಟ್ಟಗಾಗಿದೆ, ಎದ್ದು ನಿಂತಿದ್ದಾನೆ.

ವಿಶಾಲಾಕ್ಷಮ್ಮ ಜನ ಸೀಳಿಕೊಂಡು ಬಂದರು. ಕಣ್ಣಲ್ಲಿ ನೀರು. "ಬೇಡ ಚಿಕ್ಕಿ. ವೆಲ್ಲೂರಿನ ಆಣೆ, ಬೇಡ." ಈ ಪುಸ್ತಕ ಇಟ್ಟುಕೊಳ್ಳಿ ಎಂದು ಕೈ ಚಾಚಿದೆ. ಅವರ ಕೈ ಅರ್ಧ ಬಂತು. ಸುತ್ತ ನೋಡಿದರು. "ಕೆಳಗಿಡು, ತಕ್ಕೊಳ್ತೇನೆ" ಎಂದರು.

ಇಡಲಿಲ್ಲ. ಜವರಿಗೆ ಕೊಡುತ್ತೇನೆ. ಓದು ಬಾರದು ಅವಳಿಗೆ. ಸೀರೆ ಕಚ್ಚೆ ಕಟ್ಟುತ್ತಿದ್ದಾಳೆ. ಪುಸ್ತಕ ಪಾಪಣ್ಣನ ಬಳಿ ಬಿಟ್ಟು ನನ್ನ ಹಿಂದೆಯೇ ಇಳಿಯುತ್ತಾಳಂತೆ. ಅವಳ ಹಿಂದೆ ಕೆಂಚನ ಹೆಂಡತಿ. ಭಟ್ಟರು ಎಷ್ಟು ಕೊಡ ಪಂಚಗವ್ಯ ತಂದಿದ್ದಾರೋ.

ಅಪ್ಪ ಕೂಗುತ್ತಿದ್ದಾನೆ — ಮೊದಲ್ನೇ ಮೆಟ್ಲು ಸಡ್ಲ ಐತೆ, ಎರಡನೇದಕ್ಕೆ ಕಾಲ್ ಇಡು. ಆಯ್ತಪ್ಪ. ಚಪ್ಪಲಿ ಕಟ್ಟೆಯ ಮೇಲೇ ಬಿಟ್ಟಿದ್ದೇನೆ, ಎಲ್ಲರೂ ನೋಡಲಿ. ಎರಡನೇ ಮೆಟ್ಟಿಲಿಗೆ